ಓಣಿಯಿಂದ ಕ್ರಾಸಿನವರೆಗೆ

ನಮ್ಮ ಓಣಿಯ ಬಾಯಿಯಿಂದ ಕ್ರಾಸಿನವರೆಗಿನ ರಸ್ತೆಗೆ ಹೆಸರೇನೂ ಇಲ್ಲ. ಮೂಡಲಗಿ ಕಡೆಯಿಂದ ಗೋಕಾಕಕ್ಕೆ ಬರುವ ಗಾಡಿಗಳು ಊರು ಹೊಗುವುದು ಅದರ ಮೇಲೆಯೇ. ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್. ಬಸ್ಸಿನಲ್ಲಿ ನಿಂತು ಆ ರಸ್ತೆ ದಾಟುವಾಗ ಒಬ್ಬರ ಟಿಕೆಟ್ ಹರಿದು ಚಿಲ್ಲರೆ ಎಣಿಸಿ ಕೊಡುವಷ್ಟರಲ್ಲಿ ಅದು ಮುಗಿದಿರುತ್ತದೆ. ಮಗಳ ಕೈ ಹಿಡಿದು ನಡೆದಾಗ ಮಾತ್ರ ಬೇಗ ಮುಗಿಯುವುದಿಲ್ಲ.

ಒಂದು ಬದಿಗೆ ಅಂಗಡಿಗಳು, ಅವುಗಳ ಮುಂದೆ ಸಾಲಾಗಿ ನಿಲ್ಲಿಸಿದ ಮೋಟಾರ್ ಸೈಕಲ್ಲುಗಳು. ಇನ್ನೊಂದು ಬದಿಗೆ ತೆರೆದ ಗಟಾರ. ಗಟಾರಕ್ಕೂ ಡಾಂಬರಿಗೂ ನಡುವೆ ಇರುವ ಮಣ್ಣಿನ ಪಟ್ಟಿಯೇ ಮಕ್ಕಳ ದಾರಿ. ಆ ಪಟ್ಟಿಯ ಮೇಲೂ ಯಾರಾದರೂ ಮನೆ ಕಟ್ಟಿಸುವವರು ಉಸುಕು ಸುರಿದಿರುತ್ತಾರೆ, ಇಲ್ಲವೇ ಖಡಿ, ಎಂದರೆ ಜಲ್ಲಿಕಲ್ಲು, ಹಾಕಿಸಿರುತ್ತಾರೆ. ಆ ರಾಶಿಯನ್ನು ಸುತ್ತು ಹಾಕಲು ಮಕ್ಕಳು ಡಾಂಬರಿನ ಮೇಲೆ ಇಳಿಯಲೇಬೇಕು.

ಬೇಸಿಗೆ, ಮಳೆಗಾಲ ಹೇಗೋ ಕಳೆಯುತ್ತವೆ. ಕಬ್ಬಿನ ಹಂಗಾಮು ಬಂತೆಂದರೆ ಕುಲಗೋಡ, ಕೌಜಲಗಿ, ಮೂಡಲಗಿ ಕಡೆಯ ಹೊಲಗಳಿಂದ ಕಾರ್ಖಾನೆಗಳಿಗೆ ಹೊರಟ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ಬರುತ್ತವೆ. ಒಂದೊಂದಕ್ಕೆ ಎರಡೆರಡು ಟ್ರೇಲರು. ಕಬ್ಬು ಟ್ರೇಲರಿನ ಅಂಚು ಮೀರಿ ಎರಡೂ ಬದಿಗೆ ಚಾಚಿಕೊಂಡಿರುತ್ತದೆ. ಎಂಜಿನ್ನಿನ ಸದ್ದು ಕೇಳಬಾರದೆಂದು ಡ್ರೈವರು ಹಾಡು ಜೋರಾಗಿ ಹಚ್ಚಿಕೊಂಡಿರುತ್ತಾನೆ. ಹಿಂದಿನ ಟ್ರೇಲರು ಮುಂದಿನದರ ದಾರಿಯಲ್ಲೇ ಬರುತ್ತದೆ ಎಂಬ ಭರವಸೆಯಿಲ್ಲ. ತಿರುವಿನಲ್ಲಿ ಅದು ತನ್ನದೇ ಬೇರೆ ದಾರಿ ಹಿಡಿಯುತ್ತದೆ.

ಎರಡು ವರ್ಷದ ಹಿಂದಿನ ಹಂಗಾಮಿನಲ್ಲಿ ನಮ್ಮ ಓಣಿಯ ಹುಡುಗನೊಬ್ಬನ ಕಾಲಿನ ಮೇಲೆ ಟ್ರೇಲರಿನ ಗಾಲಿ ಹಾಯಿತು. ನನ್ನ ಮಗಳ ಶಾಲೆಯವನೇ, ಅವಳಿಗಿಂತ ದೊಡ್ಡವನು. ಅಂದು ನಾನು ಕುಲಗೋಡದ ವಸ್ತಿ ಗಾಡಿಯಲ್ಲಿದ್ದೆ. ವಸ್ತಿ ಗಾಡಿಯೆಂದರೆ ಸಂಜೆ ಹಳ್ಳಿಗೆ ಹೋಗಿ, ರಾತ್ರಿ ಅಲ್ಲೇ ನಿಂತು, ಬೆಳಿಗ್ಗೆ ಶಾಲೆ ಕಾಲೇಜಿನ ಹೊತ್ತಿಗೆ ಊರಿಗೆ ಮರಳುವ ಬಸ್ಸು. ನಮ್ಮ ಬಸ್ಸು ಕ್ರಾಸಿನ ಹತ್ತಿರ ಬಂದಾಗ ಜನ ಸೇರಿದ್ದರು. ಹುಡುಗನನ್ನು ಆಗಲೇ ಆಸ್ಪತ್ರೆಗೆ ಒಯ್ದಿದ್ದರು. ರಸ್ತೆಯ ನಡುವೆ ಒಂದು ಶಾಲೆಯ ಚೀಲ ಬಿದ್ದಿತ್ತು. ಅದು ನನ್ನ ಮಗಳದ್ದಲ್ಲ ಎಂದು ಗೊತ್ತಾದಾಗ ಉಸಿರು ಬಂತು. ಯಾರದ್ದೆಂದು ಗುರುತು ಹತ್ತಿದ್ದು ಆಮೇಲೆ.

ಅವನು ಉಳಿದ. ಬೆಳಗಾವಿಯಲ್ಲಿ ಬಹಳ ದಿನ ಇಟ್ಟುಕೊಂಡು ಕಾಲು ಉಳಿಸಿದರು. ಆದರೆ ತಾಯಿ ಅವನನ್ನು ಮರಳಿ ಈ ಓಣಿಗೆ ಕರೆತರಲಿಲ್ಲ. ಹುಕ್ಕೇರಿಯ ತನ್ನ ತವರಿಗೆ ಒಯ್ದು ಅಲ್ಲೇ ಶಾಲೆಗೆ ಹಾಕಿದಳು. ತಂದೆ ಇಲ್ಲಿಯ ಕೆಲಸ ಬಿಡಲಾಗದೆ ಒಬ್ಬನೇ ಉಳಿದ. ಒಂದು ದಿನ ನಮ್ಮ ಬಸ್ಸಿನಲ್ಲಿ ಸಿಕ್ಕಿದ್ದ. ಮಗ ಹೇಗಿದ್ದಾನೆ ಎಂದು ಕೇಳಿದೆ. ಅವನು ಕಿಟಕಿಯ ಕಡೆ ನೋಡುತ್ತ, “ಅಲ್ಲಿ ಸಾಲಿ ಮನಿ ಹಿಂದ ಐತ್ರಿ” ಎಂದ.

ಅಲ್ಲಿಂದ ನನಗೆ ಅಂಜಿಕೆ ಹೊಕ್ಕಿತು. ಮೊದಲು ಅದು ರಸ್ತೆಯ ಮೇಲೆ ಮಾತ್ರ ಇತ್ತು, ಬರಬರುತ್ತ ಬಸ್ಸಿನೊಳಕ್ಕೂ ಬಂತು. ಶಾಲೆಯ ಸಮವಸ್ತ್ರ ತೊಟ್ಟ ಮಗು ದೂರದಲ್ಲಿ ಕಂಡರೂ ಸೀಟಿ ಊದುತ್ತಿದ್ದೆ. ಸ್ಟಾಪಿನಲ್ಲಿ ಎಲ್ಲರೂ ಹತ್ತಿದ ಮೇಲೂ “ರೈಟ್” ಅನ್ನಲು ಬಾಯಿ ಬರುತ್ತಿರಲಿಲ್ಲ. ಇಳಿದುಹೋಗಿ ಬಸ್ಸಿನ ಮುಂದಿನ ಎಡಮೂಲೆಯಲ್ಲಿ ಯಾರೂ ಇಲ್ಲವೆಂದು ನೋಡಿ ಬಂದರೇ ಸಮಾಧಾನ. ದೊಡ್ಡ ಗಾಡಿಯ ಡ್ರೈವರಿಗೆ ಆ ಮೂಲೆಯಲ್ಲಿ ನಿಂತ ಮಗು ಕಾಣುವುದಿಲ್ಲ. ಇದು ನನಗೆ ಮೊದಲಿನಿಂದಲೂ ಗೊತ್ತಿದ್ದ ಮಾತು. ಆದರೆ ಗೊತ್ತಿರುವುದು ಬೇರೆ, ಅದನ್ನು ಹೊತ್ತುಕೊಂಡು ಓಡಾಡುವುದು ಬೇರೆ.

ನನ್ನ ಜೊತೆಯ ಡ್ರೈವರು ನನಗಿಂತ ಬಹಳ ಹಿರಿಯರು. ಅವರನ್ನು ನಾನು ಕಾಕಾ ಎನ್ನುತ್ತೇನೆ. ಒಂದು ದಿನ ಚಹಾ ಕುಡಿಯುವಾಗ ಅವರು ಬಶಿ ಕೆಳಗಿಟ್ಟು, “ತಮ್ಮಾ, ನಿನ್ನ ಸೀಟಿ ಕೇಳಿ ಕೇಳಿ ನನ್ನ ಕಾಲು ಬ್ರೇಕಿನ ಮ್ಯಾಲ ಇರಾಕತ್ತೇತಿ. ಏನಾಗೇತಿ ನಿನಗ?” ಎಂದು ಕೇಳಿದರು. ಏನಿಲ್ಲ ಎಂದೆ. ಅವರು ನಂಬಲಿಲ್ಲ.

ನನ್ನ ಹೆಂಡತಿಗೆ ಈ ಅಂಜಿಕೆ ತಿಳಿಯುತ್ತಿರಲಿಲ್ಲ. ಅವಳು ಯಮಕನಮರಡಿಯವಳು. ಅವಳಪ್ಪನ ಚಹಾದಂಗಡಿ ಹೈವೇದ ಬದಿಗೇ ಇತ್ತು. ಶಾಲೆ ಇದ್ದದ್ದು ಆಚೆ ಬದಿಗೆ. ಲಾರಿಗಳ ನಡುವೆ ಸಂದಿ ನೋಡಿ ಓಡುವುದನ್ನು ಅವಳು ಅಕ್ಷರ ಕಲಿಯುವ ಮೊದಲೇ ಕಲಿತಿದ್ದಳು. ಮಗಳನ್ನು ಶಾಲೆಗೆ ಬಿಡುವುದು ಬೇಡ, ಹಂಗಾಮು ಮುಗಿಯುವವರೆಗೆ ಮನೆಯಲ್ಲೇ ಓದಿಸೋಣ ಎಂದು ನಾನೊಮ್ಮೆ ಅಂದಾಗ ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು.

“ಅಂಜಿ ಮನ್ಯಾಗ ಕುಂತ್ರ ಅಕಿ ಸಾಲಿ ಕಲಿಯೂದು ಹೆಂಗ್ರಿ?”

ಆದ್ದರಿಂದ ಮನೆಯಲ್ಲಿದ್ದ ದಿನ ನಾನು, ವಸ್ತಿಗೆ ಹೋದ ದಿನ ಅವಳು, ಮಗಳ ಕೈ ಹಿಡಿದು ಕ್ರಾಸು ದಾಟಿಸಿ ಶಾಲೆಯ ಗೇಟಿನವರೆಗೆ ಬಿಟ್ಟು ಬರುತ್ತಿದ್ದೆವು. ಮಗಳು ಆಗ ನಾಲ್ಕನೆಯ ತರಗತಿ. ನನ್ನ ಹಿಡಿತ ಬಿಗಿ ಎಂದು ಅವಳ ತಕರಾರು. ಗೇಟು ಬಂದೊಡನೆ ಕೈ ಬಿಡಿಸಿಕೊಂಡು ಬೆರಳುಗಳನ್ನು ಉಜ್ಜಿಕೊಳ್ಳುತ್ತಿದ್ದಳು.

ಹೋದ ವರ್ಷದ ಹಂಗಾಮು ಶುರುವಾದ ಹೊಸದರಲ್ಲಿ ಶಾಲೆಯಲ್ಲಿ ಪಾಲಕರ ಸಭೆ ಕರೆದರು. ಶಾಲೆಯ ಪಾಲಕರ ಸಮಿತಿಯಲ್ಲಿ ನನ್ನ ಹೆಂಡತಿಯೂ ಇದ್ದಾಳೆ. ನನಗೆ ವಾರದ ರಜೆಯಿತ್ತು, ನಾನೂ ಹೋದೆ. ನಗರಸಭೆಯಿಂದ ಒಬ್ಬ ಎಂಜಿನಿಯರ್ ಬಂದಿದ್ದರು, ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅವರ ಜೊತೆ ಬೆಂಗಳೂರಿನ ಯಾವುದೋ ಸಂಸ್ಥೆಯ ಇಬ್ಬರು. ಸಣ್ಣ ಊರುಗಳಲ್ಲಿ ಮಕ್ಕಳು ಶಾಲೆಗೆ ನಡೆದುಹೋಗುವ ದಾರಿಗಳನ್ನು ಸುರಕ್ಷಿತ ಮಾಡಲು ಅನುದಾನ ಕೊಡುವ ಯೋಜನೆಯೊಂದಿದೆ, ನಮ್ಮ ಊರಿನದ್ದೂ ಅರ್ಜಿ ಹಾಕುತ್ತಿದ್ದೇವೆ, ಓಣಿಗಳಿಂದ ಶಾಲೆಯವರೆಗೆ ಫುಟ್‌ಪಾತ್, ಅದಕ್ಕೆ ಕಂಬಿ, ಕ್ರಾಸಿನಲ್ಲಿ ಗಾಡಿಗಳು ನಿಧಾನವಾಗಲು ಹಂಪು, ಇವೆಲ್ಲ ಆಗಬಹುದು ಎಂದು ಅವರು ತಿಳಿಸಿ ಹೇಳಿದರು. ಅರ್ಜಿ ಹಾಕುವ ಊರು ಬಹಳ, ಸಿಗುವುದು ಕೆಲವಕ್ಕೇ ಎಂಬುದನ್ನೂ ಮುಚ್ಚಿಡಲಿಲ್ಲ.

“ಬರೇ ಕಾಗದ ನೋಡಿ ಅವರು ಕೊಡೂದಿಲ್ರಿ,” ಎಂದರು. “ನಮ್ಮ ಹುಡುಗ್ರು ಎಂಥಾ ದಾರ್‍ಯಾಗ ಸಾಲಿಗೆ ಬರ್ತಾರ ಅನ್ನೂದು ಅವರ ಕಣ್ಣಿಗೆ ಕಾಣಬೇಕು.”

ಅದಕ್ಕಾಗಿ ಒಂದು ಚಿಕ್ಕ ಚಿತ್ರ ತೆಗೆಯಬೇಕಿತ್ತು. ಸಂಸ್ಥೆಯ ತರುಣ ಎದ್ದು ನಿಂತು ಹೇಗೆಂದು ವಿವರಿಸಿದ. “ಮಕ್ಕಳು ದಿನಾ ಹೇಗೆ ನಡೀತಾರೋ ಹಾಗೇ ನಡೀಲಿ. ದೊಡ್ಡವರು ಯಾರೂ ಜೊತೆಗೆ ಕಾಣೋದು ಬೇಡ. ಕಂಡರೆ ನೋಡೋರಿಗೆ ದಾರಿ ಅಷ್ಟೇನೂ ಕೆಟ್ಟದಾಗಿಲ್ಲ ಅನಿಸುತ್ತೆ.”

ಎಲ್ಲಕ್ಕಿಂತ ಕೆಟ್ಟ ದಾರಿ ಯಾವುದು ಎಂದು ಅವನು ಕೇಳಿದಾಗ ಸಭೆಯಲ್ಲಿದ್ದ ಎಲ್ಲರೂ ನಮ್ಮ ಓಣಿಯ ಹೆಸರು ಹೇಳಿದರು. ಆ ದಾರಿಯಿಂದ ಬರುವ ಮಕ್ಕಳ ಪಾಲಕರು ಯಾರಿದ್ದೀರಿ ಎಂದ. ನಾನು ತಲೆ ತಗ್ಗಿಸಿದೆ. ಪಕ್ಕದಲ್ಲಿ ಬಳೆಗಳ ಸದ್ದಾಯಿತು. ನೋಡಿದರೆ ಹೆಂಡತಿ ಕೈ ಎತ್ತಿದ್ದಳು. ಅವಳ ಹಿಂದೆ ಇನ್ನಿಬ್ಬರು ತಾಯಂದಿರೂ ಎತ್ತಿದರು.

ಮನೆಗೆ ಬಂದ ಮೇಲೆ ಅವಳೇ ಶುರು ಮಾಡಿದಳು. ಆ ಹುಡುಗನ ಕಾಲಿನ ಮೇಲೆ ಗಾಲಿ ಹಾಯ್ದಾಗ ಊರೆಲ್ಲ ಮರುಗಿತು, ಆಮೇಲೆ ಸುಮ್ಮನಾಯಿತು. ಈಗ ಕೇಳುವವರು ಬಂದಿದ್ದಾರೆ. ಈಗಲೂ ನಾವು ತೋರಿಸದಿದ್ದರೆ ಇನ್ನು ಯಾವಾಗ ತೋರಿಸುವುದು ಎಂಬುದು ಅವಳ ವಾದ. ನನ್ನಲ್ಲಿ ಅಂಜಿಕೆ ಮಾತ್ರ ಇತ್ತು.

“ದಿನಾ ಅಕಿ ಅದ ದಾರೀಲೆ ಹೋಗ್ತಾಳ. ಒಂದಿನ ಯಾರರ ನೋಡ್ಲಿ ಬಿಡ್ರಿ,” ಎಂದಳು.

“ದಿನಾ ನೀ ಇಲ್ಲಾ ನಾ ಕೈ ಹಿಡದಿರ್ತೇವಿ. ಅವತ್ತ ಯಾರು ಹಿಡೀತಾರ?”

“ನಾ ಹಿಂದ ಇರ್ತೇನಿ.”

“ಎಷ್ಟ ಹಿಂದ?”

ನಾನು ಬೇಡ ಎಂದೆ, ಮತ್ತೊಮ್ಮೆ ಬೇಡ ಎಂದೆ. ಆದರೆ ಎಂಜಿನಿಯರ್ ಬಳಿಗೆ ಹೋಗಿ ನಮ್ಮ ಮಗಳನ್ನು ಕಳಿಸುವುದಿಲ್ಲ ಎಂದು ಹೇಳಿ ಬರಲೂ ಇಲ್ಲ. ಮಗಳು ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಅವಳಿಗೆ ಸಂಭ್ರಮ. ಯಾವ ರಿಬ್ಬನ್ ಕಟ್ಟಿಕೊಳ್ಳಲಿ ಎಂದು ಅವ್ವನನ್ನು ಕೇಳಿದಳು. ಆಮೇಲೆ ನನ್ನ ಹತ್ತಿರ ಬಂದು, ನಡೆಯುವಾಗ ಎತ್ತ ನೋಡಬೇಕು ಎಂದಳು.

“ಮುಂದ ನೋಡು,” ಎಂದೆ. ಮರುಕ್ಷಣವೇ, “ಹಿಂದನೂ ನೋಡು,” ಎಂದೆ.

“ಎರಡೂ ಕಡೆ ಹೆಂಗ ನೋಡ್ಲೆಪಾ?” ಎಂದು ನಕ್ಕಳು.

ಚಿತ್ರ ತೆಗೆಯುವ ದಿನ ಗೊತ್ತಾಯಿತು. ಅದರ ಹಿಂದಿನ ಸಂಜೆ ನನಗೆ ಕುಲಗೋಡದ ವಸ್ತಿ ಇತ್ತು. ಡಿಪೋದಲ್ಲಿ ಡ್ಯೂಟಿ ಬದಲಿಸಿ ಕೊಡಿರೆಂದು ಕೇಳಿಕೊಂಡೆ. ಲಗ್ನದ ದಿನಗಳು, ಅರ್ಧ ಮಂದಿ ರಜೆಯಲ್ಲಿದ್ದರು, ಆಗಲಿಲ್ಲ. ಸಂಜೆ ಹೊರಡುವಾಗ ಮಗಳು ಬಾಗಿಲಿಗೆ ಬಂದು, ನಾಳೆ ಬಸ್ಸಿನಿಂದ ತನ್ನನ್ನು ನೋಡಬೇಕೆಂದೂ ಕೈ ಮಾತ್ರ ಮಾಡಬಾರದೆಂದೂ ಹೇಳಿದಳು. ಕೈ ಮಾಡಿದರೆ ಚಿತ್ರ ಕೆಡುತ್ತದೆ ಎಂದು ಅವಳಿಗೆ ಯಾರೋ ಹೇಳಿದ್ದರಂತೆ.

ಬೆಳಿಗ್ಗೆ ಕುಲಗೋಡದಿಂದ ಹೊರಟಾಗ ಮಂಜು ಇತ್ತು. ಮೂಡಲಗಿ ಬರುವಷ್ಟರಲ್ಲಿ ಬಸ್ಸು ತುಂಬಿತು, ಕಾಲೇಜಿನ ಹುಡುಗರು ಬಾಗಿಲವರೆಗೆ ನಿಂತರು. ಎಂದಿಗಿಂತ ತಡವಾಗಿತ್ತು. ತಡವಾದಷ್ಟೂ ಮಕ್ಕಳು ನಡೆಯುವ ಹೊತ್ತಿಗೇ ನಾವು ಆ ರಸ್ತೆಗೆ ಬರುತ್ತೇವೆಂದು ನನಗೆ ತಿಳಿದಿತ್ತು. ಇಬ್ಬರಿಗೆ ಬೇರೆ ಊರಿನ ಟಿಕೆಟ್ ಕೊಟ್ಟು ಅವರಿಂದ ಬೈಸಿಕೊಂಡೆ.

ಊರು ಹತ್ತಿರವಾದಾಗ ನಮ್ಮ ಮುಂದೆ ಒಂದು ಕಬ್ಬಿನ ಟ್ರ್ಯಾಕ್ಟರು ಸಿಕ್ಕಿತು, ಹಿಂದೆ ಎರಡು ಟ್ರೇಲರು. ದಾಟಲು ಜಾಗವಿರಲಿಲ್ಲ. ಕಾಕಾ ಹಾರ್ನ್ ಹೊಡೆದರು, ಅದು ಬದಿಗೆ ಸರಿಯಲಿಲ್ಲ. ಹಾಡು ನಮ್ಮ ಬಸ್ಸಿನೊಳಗೂ ಕೇಳುತ್ತಿತ್ತು. ನಾನು ಜನರನ್ನು ಸರಿಸಿಕೊಂಡು ಮುಂದಿನ ಗಾಜಿನ ಹತ್ತಿರ ಹೋಗಿ ನಿಂತೆ. ಹಿಂದಿನ ಟ್ರೇಲರು ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗುತ್ತಿತ್ತು.

ನಮ್ಮ ಓಣಿಯ ಬಾಯಿ ದಾಟಿದೆವು. ಎಡಗಡೆ ಗಟಾರದ ಬದಿಯಲ್ಲಿ ಮೂವರು ಹುಡುಗಿಯರು ಒಬ್ಬರ ಹಿಂದೊಬ್ಬರು ನಡೆಯುತ್ತಿದ್ದರು. ಕೊನೆಯವಳು ನನ್ನ ಮಗಳು. ಬಿಳಿ ರಿಬ್ಬನ್ ಕಟ್ಟಿದ್ದಳು. ದೂರದಲ್ಲಿ, ಹಾಲಿನ ಅಂಗಡಿಯ ಕಟ್ಟೆಯ ಮೇಲೆ, ಆ ತರುಣ ಕ್ಯಾಮೆರಾ ಹಿಡಿದು ನಿಂತಿದ್ದ. ಎಂಜಿನಿಯರ್ ಕ್ರಾಸಿನಲ್ಲಿ ನಿಂತು ಬರುವ ಗಾಡಿಗಳಿಗೆ ನಿಧಾನ ಹೋಗಲು ಕೈ ಮಾಡುತ್ತಿದ್ದರು. ಹೆಂಡತಿ ಎಲ್ಲಿದ್ದಾಳೆಂದು ಹುಡುಕಿದೆ. ಬಹಳ ಹಿಂದೆ, ನಮ್ಮ ಬಸ್ಸಿನ ಪಕ್ಕದಲ್ಲೇ ಅಂಗಡಿಗಳ ಕಡೆ ಇದ್ದಳು. ಚಿತ್ರದಲ್ಲಿ ಕಾಣದಷ್ಟು ದೂರ.

ಮುಂದೆ ಖಡಿಯ ರಾಶಿಯೊಂದಿತ್ತು. ಮೊದಲಿನ ಇಬ್ಬರು ಡಾಂಬರಿಗೆ ಇಳಿದು ಅದನ್ನು ಸುತ್ತಿ ಹೋದರು. ನನ್ನ ಮಗಳು ಒಮ್ಮೆ ಹಿಂದೆ ನೋಡಿದಳು. ಟ್ರ್ಯಾಕ್ಟರನ್ನು ನೋಡಿದಳೋ ಬಸ್ಸಿನಲ್ಲಿ ನನ್ನನ್ನು ಹುಡುಕಿದಳೋ ನನಗೆ ಇಂದಿಗೂ ತಿಳಿಯದು, ಕೇಳಿಯೂ ಇಲ್ಲ. ಆಮೇಲೆ ಅವಳೂ ಡಾಂಬರಿಗೆ ಇಳಿದಳು. ಟ್ರ್ಯಾಕ್ಟರು ಅವಳನ್ನು ದಾಟಿತು. ಮೊದಲ ಟ್ರೇಲರೂ ದಾಟಿತು. ಎರಡನೆಯದರ ಗಾಲಿ ಖಡಿಯ ಅಂಚು ಹತ್ತಿತು. ಕಬ್ಬಿನ ಹೊರೆ ಒಂದು ಕ್ಷಣ ಹಾಗೇ ವಾಲಿ ನಿಂತು, ಹಗ್ಗ ಹರಿದು, ಗಟಾರದ ಕಡೆಗೆ ಪೂರ್ತಿ ಜಾರಿತು.

ಮಗಳು ಕಾಣಲಿಲ್ಲ.

ನಾನು ಬಸ್ಸಿನಿಂದ ಹೇಗೆ ಇಳಿದೆನೋ ನೆನಪಿಲ್ಲ. ಕಬ್ಬಿನ ರಾಶಿಯ ಹತ್ತಿರ ಹೋದಾಗ ಹೆಂಡತಿ ನನಗಿಂತ ಮೊದಲೇ ಅಲ್ಲಿದ್ದಳು. ಬರಿಗೈಯಿಂದ ಕಬ್ಬು ಎಳೆಯುತ್ತಿದ್ದಳು. ಸೋಗೆಯ ಅಂಚು ಕೊಯ್ದು ಅವಳ ಅಂಗೈಯಿಂದ ರಕ್ತ ಇಳಿಯುತ್ತಿತ್ತು. ಬಸ್ಸಿನ ಹುಡುಗರೆಲ್ಲ ಇಳಿದು ಬಂದರು. ಎಲ್ಲರೂ ಕೂಡಿ ಎಳೆದೆವು. ಎಳೆದಷ್ಟೂ ಕೆಳಗೆ ಕಬ್ಬೇ ಇತ್ತು. ನಾನು ಮನೆಯಲ್ಲಿ ಕರೆಯುವ ಹೆಸರು ಹಿಡಿದು ಕೂಗಿದೆ. ಉತ್ತರ ಬರಲಿಲ್ಲ. ಮತ್ತೆ ಕೂಗಿದೆ. ಯಾರೋ ಸುಮ್ಮನಿರಿ, ದನಿ ಬರ್ತದೇನೋ ಕೇಳೋಣ ಎಂದರು. ಎಲ್ಲರೂ ಕೈ ನಿಲ್ಲಿಸಿದರು. ಟ್ರ್ಯಾಕ್ಟರಿನಲ್ಲಿ ಹಾಡು ಇನ್ನೂ ನಡೆದಿತ್ತು. ಕಾಕಾ ಹೋಗಿ ಅದನ್ನು ಬಂದ್ ಮಾಡಿದರು. ಒಳಗಿನಿಂದ ಯಾವ ಸದ್ದೂ ಇರಲಿಲ್ಲ.

ರಾಶಿಯ ಆಚೆ ತುದಿಯಲ್ಲಿ ಒಂದು ಮನೆಯಿತ್ತು. ಅದರ ಬಾಗಿಲಿಗೆ ಹೋಗಲು ಗಟಾರದ ಮೇಲೆ ಅಗಲವಾದ ಹಾಸುಗಲ್ಲು ಹಾಕಿದ್ದರು. ಆ ಮನೆಯ ಮುದುಕಿ ಮೆಟ್ಟಿಲ ಮೇಲೆ ನಿಂತು ಕೆಳಗೆ ಬೆರಳು ತೋರಿಸಿ, “ಇಲ್ಲಿ ನೋಡ್ರೋ ಯಪ್ಪಾ, ಕಲ್ಲಿನ ಕೆಳಗ ರಿಬ್ಬನ್ ಕಾಣ್ತೈತಿ” ಎಂದಳು.

ನಾನು ಗಟಾರಕ್ಕೆ ಇಳಿದು ಬಗ್ಗಿ ನೋಡಿದೆ. ಹಾಸುಗಲ್ಲಿನ ಕೆಳಗೆ, ಮೊಣಕಾಲವರೆಗಿನ ಕಪ್ಪು ಕೆಸರಿನಲ್ಲಿ, ಚೀಲವನ್ನು ಎದೆಗೆ ಅವಚಿಕೊಂಡು ಮಗಳು ಕುಕ್ಕರಗಾಲಲ್ಲಿ ಕುಳಿತಿದ್ದಳು. ಕಣ್ಣು ತೆರೆದಿದ್ದವು. ನನ್ನನ್ನು ನೋಡಿದಳು, ಆದರೆ ಗುರುತು ಹಿಡಿದಂತೆ ಕಾಣಲಿಲ್ಲ. ಕೈ ಚಾಚಿದೆ. ಹಿಡಿಯಲಿಲ್ಲ. ನಾನೇ ಒಳಗೆ ತೂರಿ ಎತ್ತಿಕೊಂಡು ಬಂದೆ. ಕಬ್ಬು ವಾಲಿದ್ದು ಕಂಡು ಗಟಾರಕ್ಕೆ ಹಾರಿ ಆ ಕಲ್ಲಿನ ಕೆಳಗೆ ನುಗ್ಗಿರಬೇಕು. ಅವಳ ಹಿಮ್ಮಡಿಯಲ್ಲಿ ಒಂದು ಗಾಯ ಬಿಟ್ಟರೆ ಮೈಯೆಲ್ಲ ನೆಟ್ಟಗಿತ್ತು.

ಟ್ರ್ಯಾಕ್ಟರಿನ ಡ್ರೈವರು ಮೀಸೆ ಈಗಷ್ಟೇ ಬಲಿತ ತರುಣ. ಜನ ಅವನ ಕಡೆ ತಿರುಗಿದರು. ಕಾಕಾ ಅವನ ಮುಂದೆ ಹೋಗಿ ಅಡ್ಡ ನಿಂತು, ಹುಡುಗಿ ಸಿಕ್ಕಿದ್ದಾಳೆ, ಇನ್ನು ಯಾರೂ ಕೈ ಎತ್ತುವುದು ಬೇಡ ಎಂದರು. ಆ ತರುಣ ನನ್ನ ಮಗಳನ್ನು ನೋಡಿ ಟ್ರ್ಯಾಕ್ಟರಿನ ಗಾಲಿಗೆ ಆನಿಕೊಂಡು ಕುಳಿತುಬಿಟ್ಟ. ಮಗು ಅಲ್ಲಿತ್ತು ಎಂಬುದೇ ತನಗೆ ಗೊತ್ತಿರಲಿಲ್ಲ ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ನಾನು ಅವನನ್ನು ನಂಬಿದೆ.

ಮಗಳು ಅಂದು ಮಾತಾಡಲಿಲ್ಲ, ಮರುದಿನವೂ ಮಾತಾಡಲಿಲ್ಲ. ಊಟ ಕೊಟ್ಟರೆ ಉಂಡಳು, ಮಲಗು ಎಂದರೆ ಮಲಗಿದಳು. ರಸ್ತೆಯಲ್ಲಿ ಟ್ರ್ಯಾಕ್ಟರಿನ ಸದ್ದಾದರೆ ಎದ್ದು ಮಂಚದ ಕೆಳಗೆ ಹೋಗುತ್ತಿದ್ದಳು. ಡಾಕ್ಟರು ಹೆದರಿದ್ದಾಳೆ, ಸರಿಹೋಗುತ್ತಾಳೆ, ಒತ್ತಾಯ ಮಾಡಬೇಡಿ ಎಂದರು. ಹೆಂಡತಿ ಪಟ್ಟಿ ಸುತ್ತಿದ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಅವಳ ಪಕ್ಕದಲ್ಲೇ ಕುಳಿತಿರುತ್ತಿದ್ದಳು. ಬೇಡ ಎಂದು ಹೇಳಿದ್ದೆನಲ್ಲ ಎಂದು ನಾನು ಅವಳಿಗೆ ಒಮ್ಮೆಯೂ ಅನ್ನಲಿಲ್ಲ. ಅವಳನ್ನು ನೋಡಿದರೆ ಅನ್ನುವಂತಿರಲಿಲ್ಲ.

ಕೆಲವು ದಿನಗಳಾದ ಮೇಲೆ ಮಗಳು ಒಂದು ಮಧ್ಯಾಹ್ನ, ತನ್ನ ಒಂದು ಚಪ್ಪಲಿ ಗಟಾರದಲ್ಲೇ ಉಳಿಯಿತು ಎಂದು ಹೇಳಿದಳು. ಅಷ್ಟೊಂದು ಕೂಗಿದರೂ ಯಾಕೆ ಓ ಅನ್ನಲಿಲ್ಲ ಎಂದು ನಾನು ಮೆಲ್ಲಗೆ ಕೇಳಿದೆ.

“ಹಾಡು ಕೇಳ್ತಿತ್ತು,” ಎಂದಳು. “ಆಮ್ಯಾಲ ಅದು ನಿಂತ್ತು. ನಾ ಎಲ್ಲಿ ಅದೇನಿ ಅಂತ ಗಾಡಿ ಹುಡಕಾಕತ್ತೇತಿ ಅನಕೊಂಡೆ.”

ಹೆಂಡತಿ ಎದ್ದು ಅಡುಗೆಮನೆಗೆ ಹೋದಳು.

ಆ ವಾರವೇ ಎಂಜಿನಿಯರ್ ನಮ್ಮ ಮನೆಗೆ ಬಂದರು. ಮಗಳಿಗೆ ಹೊಸ ಚಪ್ಪಲಿ ತಂದಿದ್ದರು. ಅವರು ಸೊರಗಿದ್ದರು, ಕುರ್ಚಿಯ ತುದಿಯಲ್ಲಿ ಕುಳಿತರು. ಆದದ್ದೆಲ್ಲ ಕ್ಯಾಮೆರಾದಲ್ಲಿ ಬಂದಿದೆ ಎಂದರು. ಕಬ್ಬು ಜಾರಿದ್ದು, ಮಗು ಕಾಣದಂತಾದದ್ದು, ನಾವು ಓಡಿಬಂದದ್ದು. ಅದನ್ನು ಅರ್ಜಿಯ ಜೊತೆ ಕಳಿಸಬೇಕೋ ಬೇಡವೋ ಎಂಬುದು ಮಗುವಿನ ತಂದೆತಾಯಿ ಹೇಳಬೇಕಾದ ಮಾತು ಎಂದರು. ಕಳಿಸಿದರೆ ಮಗುವನ್ನು ಅಲ್ಲಿ ಒಂಟಿಯಾಗಿ ನಡೆಸಿದವರು ಯಾರು ಎಂದು ಕೇಳುತ್ತಾರೆ, ಅದಕ್ಕೆ ತಾವೂ ಉತ್ತರ ಕೊಡಬೇಕಾಗುತ್ತದೆ ಎಂಬುದನ್ನೂ ಅವರೇ ಹೇಳಿದರು.

ಹೆಂಡತಿ ಒಂದೇ ಮಾತಿಗೆ ಬೇಡ ಎಂದಳು. “ಅಕಿ ಕಾಣದಂಗ ಆಗಿದ್ದನ್ನ ಮಂದಿ ಕುಂತು ನೋಡೂದು ಬ್ಯಾಡ್ರಿ ಮೇಡಂ.”

ನಾನು ಕಳಿಸಿ ಎಂದೆ. ನನ್ನ ದನಿ ನನಗೇ ಬೇರೆಯವರದ್ದೆನಿಸಿತು. ಆಗುವುದು ಆಗಿಹೋಗಿದೆ, ಅದು ಯಾರ ಕಣ್ಣಿಗೂ ಬೀಳದೆ ಹೋದರೆ ಅವಳು ಆ ಕಲ್ಲಿನ ಕೆಳಗೆ ಸುಮ್ಮನೆ ಕುಳಿತಂತಾಯಿತು ಎಂದೆ. ಹೆಂಡತಿ ನನ್ನನ್ನು ಅಪರಿಚಿತನನ್ನು ನೋಡಿದಂತೆ ನೋಡಿದಳು. ಹೂಂ ಎನ್ನುವುದಕ್ಕೆ ಅವಳಿಗೆ ಎರಡು ದಿನ ಹಿಡಿಯಿತು. ಮಗಳ ಮುಖ ಕಾಣಬಾರದು, ನಮ್ಮ ಊರಲ್ಲಿ ಅದನ್ನು ಯಾರಿಗೂ ತೋರಿಸಬಾರದು ಎಂದು ಕೇಳಿಕೊಂಡು, ಕಳಿಸಿರಿ ಎಂದು ಫೋನು ಮಾಡಿ ಹೇಳಿದಳು. ಎಂಜಿನಿಯರ್ ಒಪ್ಪಿದರು.

ಮುಂದೆ ಬಹಳ ದಿನ ಸುದ್ದಿಯಿರಲಿಲ್ಲ. ಹಂಗಾಮು ಮುಗಿಯಿತು, ಬೇಸಿಗೆ ರಜೆ ಬಂತು. ಮಳೆಗಾಲ ಶುರುವಾದ ಮೇಲೆ ಒಂದು ದಿನ ಅನುದಾನ ಸಿಕ್ಕಿತೆಂದು ಶಾಲೆಯಲ್ಲಿ ಸಭೆ ಸೇರಿಸಿ ಪೇಡೆ ಹಂಚಿದರು. ಪರದೆ ಕಟ್ಟಿ ಚಿತ್ರವನ್ನೂ ತೋರಿಸುತ್ತಾರೆಂದು ಗೊತ್ತಾದಾಗ ಹೆಂಡತಿ ನನ್ನ ತೋಳು ಹಿಡಿದಳು. ಎದ್ದು ಹೋಗಿಬಿಡೋಣ ಎನ್ನುವಷ್ಟರಲ್ಲಿ ಶುರುವಾಗಿಯೇ ಬಿಟ್ಟಿತು.

ಚಿತ್ರ ಕ್ರಾಸಿನಿಂದ ಮೊದಲಾಗಿತ್ತು. ಮಕ್ಕಳು ಗಾಡಿಗಳ ನಡುವೆ ಕ್ರಾಸು ದಾಟುವುದು, ಶಾಲೆಯ ಗೋಡೆಯ ಬದಿಯಲ್ಲಿ ನಡೆಯುವುದು, ಗೇಟಿನ ಮುಂದಿನ ಗದ್ದಲ. ನಮ್ಮ ಓಣಿಯಿಂದ ಕ್ರಾಸಿನವರೆಗಿನ ದಾರಿ ಅದರಲ್ಲಿ ಎಲ್ಲಿಯೂ ಇರಲಿಲ್ಲ. ಮುಗಿಯುವವರೆಗೂ ಹೆಂಡತಿ ನನ್ನ ತೋಳು ಬಿಡಲಿಲ್ಲ.

ಎಂಜಿನಿಯರ್ ಹೊರಗೆ ನಮಗಾಗಿ ಕಾಯುತ್ತಿದ್ದರು. ಆ ಭಾಗವನ್ನು ಸಂಸ್ಥೆಯವರು ತೆಗೆದುಹಾಕಿದ್ದರಂತೆ. ಅದನ್ನು ನೋಡಿದವರು ರಸ್ತೆಯ ಬಗ್ಗೆ ಕೇಳುವುದಕ್ಕಿಂತ ತಮ್ಮ ಬಗ್ಗೆಯೇ ಹೆಚ್ಚು ಕೇಳುತ್ತಾರೆ ಎಂದು ಹೇಳಿದರಂತೆ. “ನನಗೂ ಕಡೀಕ ಗೊತ್ತಾತ್ರಿ,” ಎಂದರು. ಹಣ ಬಂದದ್ದು ಕ್ರಾಸಿನಿಂದ ಗೇಟಿನವರೆಗಿನ ದಾರಿಗೆ. ನಮ್ಮ ದಾರಿಯನ್ನು ಎರಡನೆಯ ಹಂತಕ್ಕೆ ಬಿಟ್ಟಿದ್ದರು. ಆ ಚಿತ್ರ ಹೋಗಿದ್ದರೆ ನಮ್ಮ ದಾರಿಗೂ ಸಿಗುತ್ತಿತ್ತೋ, ಅಥವಾ ಊರಿಗೇ ಏನೂ ಸಿಗುತ್ತಿರಲಿಲ್ಲವೋ, ನಾನು ಹೇಳಲಾರೆ. ಎರಡನೆಯ ಹಂತ ಯಾವಾಗ ಎಂದು ಹೆಂಡತಿ ಕೇಳಿದಳು. ಅವರು ಸುಳ್ಳು ಹೇಳಲಿಲ್ಲ. ಗೊತ್ತಿಲ್ಲ ಎಂದರು.

ದೀಪಾವಳಿಯ ಹೊತ್ತಿಗೆ ಕ್ರಾಸಿನಿಂದಾಚೆ ಫುಟ್‌ಪಾತ್ ಆಯಿತು. ಚೆನ್ನಾಗಿ ಮಾಡಿದ್ದಾರೆ. ಮಕ್ಕಳ ಎದೆಯೆತ್ತರಕ್ಕೆ ಹಳದಿ ಕಂಬಿಗಳು, ಕ್ರಾಸಿನಲ್ಲಿ ಬಿಳಿ ಪಟ್ಟಿ, ಮೂರೂ ಕಡೆಯಿಂದ ಹಂಪು. ಗಾಡಿಗಳು ಅಲ್ಲಿ ನಿಜವಾಗಿಯೂ ನಿಧಾನವಾಗುತ್ತವೆ, ಕಾಕಾ ಕೂಡ ಒಪ್ಪುತ್ತಾರೆ. ಹುಕ್ಕೇರಿಗೆ ಹೋದ ಹುಡುಗನ ತಂದೆ ಒಂದು ಸಂಜೆ ಬಂದು ಕಂಬಿಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದನ್ನು ನೋಡಿದೆ.

ಮಗಳು ಶಾಲೆಗೆ ಹೋಗುತ್ತಾಳೆ. ಮೊದಲಿನಂತೆ ನಗುತ್ತಾಳೆ. ಟ್ರ್ಯಾಕ್ಟರಿನ ಸದ್ದು ಕೇಳಿದರೆ ಮಾತ್ರ ನಡುವೆಯೇ ಮಾತು ನಿಲ್ಲಿಸಿ, ಅದು ದೂರವಾಗುವವರೆಗೆ ಕಾಯುತ್ತಾಳೆ. ನಮ್ಮ ದಾರಿಯಲ್ಲಿ ಈಗ ಓಣಿಯ ತಾಯಂದಿರೆಲ್ಲ ಮಕ್ಕಳನ್ನು ಒಟ್ಟಿಗೆ ಕರೆದೊಯ್ಯುತ್ತಾರೆ, ನನ್ನ ಹೆಂಡತಿ ಎಲ್ಲರಿಗಿಂತ ಹಿಂದೆ, ಡಾಂಬರಿನ ಬದಿಗೆ ನಡೆಯುತ್ತಾಳೆ. ವಾಹನ ಬಂದರೆ ಕೈ ಅಡ್ಡ ಹಿಡಿಯುತ್ತಾಳೆ. ಯಮಕನಮರಡಿಯ ಹೈವೇ ದಾಟಿದವಳು ಈಗ ಸೈಕಲ್ಲಿಗೂ ನಿಲ್ಲುತ್ತಾಳೆ.

ಈ ಹಂಗಾಮು ಶುರುವಾದ ಮರುದಿನ ನನಗೆ ರಜೆಯಿತ್ತು. ಮಗಳನ್ನು ನಾನೇ ಕರೆದುಕೊಂಡು ಹೊರಟೆ. ಕ್ರಾಸು ದಾಟಿದ ಮೇಲೆ ಅವಳು ಕಂಬಿಯ ಒಳಗೆ ನಡೆಯತೊಡಗಿದಳು. ನಾನು ಅಭ್ಯಾಸದಂತೆ ಹೊರಗೆ, ರಸ್ತೆಯ ಮೇಲೆ, ಗಾಡಿಗಳಿಗೂ ಅವಳಿಗೂ ನಡುವೆ ಇದ್ದೆ. ಅವಳು ನಿಂತಳು.

“ಅಪ್ಪಾ, ಒಳಗ ಬಾ.”

ನಾನು ಸಂದಿಯಲ್ಲಿ ಹಾಯ್ದು ಒಳಗೆ ಹೋದೆ. ಗೇಟಿನವರೆಗೆ ಇಬ್ಬರೂ ಕೈ ಹಿಡಿಯದೆ ನಡೆದೆವು. ಅವಳು ಒಳಗೆ ಹೋದ ಮೇಲೆ ನಾನು ಮರಳಿ ಬಂದೆ. ಕ್ರಾಸಿನಲ್ಲಿ ಕಂಬಿ ಮುಗಿಯಿತು. ಮೂಡಲಗಿ ಕಡೆಯಿಂದ ಟ್ರ್ಯಾಕ್ಟರುಗಳು ಬರುತ್ತಿದ್ದವು, ಹಾಡು ಕೇಳುತ್ತಿತ್ತು. ಗಟಾರದ ಬದಿಯ ಮಣ್ಣಿನ ಮೇಲೆ ಯಾರೋ ಹೊಸದಾಗಿ ಉಸುಕು ಹಾಕಿಸಿದ್ದರು. ಸಂಜೆ ಮಗಳು ಮರಳುವಾಗ ಯಾರು ಹೋಗುವುದು ಎಂದು ಕೇಳಲು ಹೆಂಡತಿಗೆ ಅಲ್ಲಿಂದಲೇ ಫೋನು ಮಾಡಿದೆ.